ಕಲ್ಲೂ ಕಬ್ಬಿಣವೂ ಸೇರುವ ಜಾಗ: ಓದುಗರ ಪ್ರಶ್ನೆಗಳಿಗೆ ಶಿಲ್ಪಿಯ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ಪ್ರಶ್ನೆಗಳೆಲ್ಲವೂ ಕೊಡಗಿನಿಂದ ಬಂದವು. ನೆಲದಲ್ಲಿ ಸಿಕ್ಕ ಕಲ್ಲನ್ನು ಉಕ್ಕು, ಬೀಡು (ಎರಕದ ಕಬ್ಬಿಣ), ಸಿಮೆಂಟಿನಂಥ ಕಾರ್ಖಾನೆಯ ಸಾಮಗ್ರಿಗಳೊಡನೆ ಸೇರಿಸಿ ಶಿಲ್ಪ ಮಾಡುವುದರ ಬಗ್ಗೆಯೇ ಅವೆಲ್ಲ ಇರುವುದರಿಂದ ಒಟ್ಟಿಗೆ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ತೋಟದೊಳಗೆ ರಸ್ತೆ ಮಾಡಿಸುವಾಗ ಸುಮಾರು ಒಂದು ಮೀಟರ್ ಅಡ್ಡಗಲದ ಉರುಟು ಬಂಡೆಯೊಂದು ಮಣ್ಣಿನಿಂದ ಮೇಲೆ ಬಂತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಹಳೆಯ ಪಲ್ಪರ್ ಯಂತ್ರದ ಬೀಡಿನ ಚೌಕಟ್ಟು, ತಾಮ್ರದ ತಗಡು ಹೊದಿಸಿದ ಅದರ ಡ್ರಮ್ಮು ಹಾಗೂ ಒಂದೆರಡು ಐ-ಬೀಮುಗಳು ಗೋದಾಮಿನಲ್ಲಿವೆ. ಇವನ್ನೆಲ್ಲ ಸೇರಿಸಿ ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಯ ಅಂಗಳದಂಚಿನಲ್ಲಿ ಶಿಲ್ಪವೊಂದನ್ನು ನಿಲ್ಲಿಸುವ ಆಸೆಯಿದೆ. ಉಳಿ ಮುಟ್ಟಿಸದ ಕಲ್ಲನ್ನು ಕಬ್ಬಿಣದ ಮೇಲಿಟ್ಟ ಮಾತ್ರಕ್ಕೆ ಅದು ಶಿಲ್ಪವಾಗುತ್ತದೆಯೇ ಎಂದು ಮನೆಯ ಹಿರಿಯರು ಕೇಳುತ್ತಿದ್ದಾರೆ. (ಕಾಫಿ ಬೆಳೆಗಾರರು, ಪೊನ್ನಂಪೇಟೆ)

ಉತ್ತರ: ಹಿರಿಯರ ಪ್ರಶ್ನೆ ನ್ಯಾಯವಾದದ್ದು. ಹೊಯ್ಸಳರ ಬಳಪದ ಕಲ್ಲಿನ ಕುಸುರಿಯನ್ನು ಕಂಡು ಬೆಳೆದ ನಮ್ಮ ಕಣ್ಣಿಗೆ ಕೆತ್ತನೆಯೇ ಶಿಲ್ಪ. ಆದರೆ ಕಳೆದ ಶತಮಾನದ ಉತ್ತರಾರ್ಧದಲ್ಲಿ, ಕಲ್ಲನ್ನು ಕೆತ್ತದೆ, ಅದರ ಭಾರ, ಮೈ ಮತ್ತು ವಯಸ್ಸನ್ನೇ ಮುಂದಿಟ್ಟು ಕೆಲಸ ಮಾಡಿದ ಶಿಲ್ಪಿಗಳು ಹಲವರಿದ್ದಾರೆ. ಕೊರಿಯಾದಲ್ಲಿ 1936ರಲ್ಲಿ ಹುಟ್ಟಿ ಜಪಾನಿನಲ್ಲಿ ನೆಲೆಸಿದ ಲೀ ಉಫಾನ್ ಅವರು 1968ರ ಸುಮಾರಿಗೆ ಗಾಜಿನ ಹಲಗೆಯ ಮೇಲೆ ಕಲ್ಲೊಂದನ್ನು ಬೀಳಿಸಿ, ಬಿರುಕು ಬಿಟ್ಟ ಗಾಜನ್ನೂ ಅದರ ಮೇಲೆ ಕೂತ ಕಲ್ಲನ್ನೂ ಹಾಗೆಯೇ ಕೃತಿಯಾಗಿ ಉಳಿಸಿದರು. ಆಮೇಲೆ ದಶಕಗಳ ಕಾಲ ಅವರು ಮುಖ್ಯವಾಗಿ ಎರಡೇ ವಸ್ತುಗಳನ್ನು ಎದುರುಬದುರಾಗಿಸುತ್ತ ಬಂದರು: ನೆಲದಿಂದ ಆರಿಸಿದ ಕಲ್ಲು, ಕಾರ್ಖಾನೆಯಿಂದ ಬಂದ ಉಕ್ಕಿನ ಹಲಗೆ. ಅವರ ಜೊತೆಗಾರ ನೊಬುವೊ ಸೆಕಿನೆ ಅವರು ದೊಡ್ಡ ಬಂಡೆಯೊಂದನ್ನು ಕನ್ನಡಿಯಂತೆ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ಕಂಬದ ಮೇಲೆ ಕೂರಿಸಿ 1970ರ ವೆನಿಸ್ ಬಿಯೆನ್ನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ತೋರಿಸಿದರು. ಕಂಬದ ಮೈಯಲ್ಲಿ ಸುತ್ತಲಿನ ಮರವೂ ಆಕಾಶವೂ ಪ್ರತಿಫಲಿಸಿ, ಮೇಲಿನ ಬಂಡೆ ಆಧಾರವಿಲ್ಲದೆ ನಿಂತಂತೆ ಕಾಣುತ್ತದೆ.

ಇವರಲ್ಲಿ ನನಗೆ ಬಹಳ ಹತ್ತಿರವೆನಿಸುವವರು ಇಟಲಿಯ ಜೊವಾನ್ನಿ ಅನ್ಸೆಲ್ಮೊ. 1968ರ ಅವರ ಕೃತಿಯೊಂದರಲ್ಲಿ ದೊಡ್ಡ ಗ್ರಾನೈಟ್ ದಿಮ್ಮಿಯೊಂದಕ್ಕೆ ಸಣ್ಣ ಗ್ರಾನೈಟ್ ತುಂಡೊಂದನ್ನು ತಾಮ್ರದ ತಂತಿಯಿಂದ ಕಟ್ಟಲಾಗಿದೆ, ಎರಡರ ನಡುವೆ ಹಸಿ ಲೆಟಿಸ್ ಸೊಪ್ಪಿನ ಗಡ್ಡೆಯನ್ನು ಇಡಲಾಗಿದೆ. ಸೊಪ್ಪು ಬಾಡಿದರೆ ತಂತಿ ಸಡಿಲವಾಗಿ ಸಣ್ಣ ತುಂಡು ಕೆಳಗೆ ಬೀಳುತ್ತದೆ. ಹಾಗಾಗಿ ಅದನ್ನು ಕಾಪಾಡುವವರು ಹೊಸ ಸೊಪ್ಪನ್ನು ಇಡುತ್ತಲೇ ಇರಬೇಕು. ಕಲ್ಲು, ಲೋಹ, ಜೀವವಿರುವ ಸೊಪ್ಪು, ಈ ಮೂರರ ಆಯುಸ್ಸು ಬೇರೆಬೇರೆಯೆಂಬುದನ್ನು ಒಂದು ವಾಕ್ಯವನ್ನೂ ಬರೆಯದೆ ಆ ಕೃತಿ ಹೇಳುತ್ತದೆ. ಅಲ್ಲಿ ಕೆತ್ತನೆಯಿಲ್ಲ, ಆದರೆ ಯಾವುದು ಯಾವುದನ್ನು ಹಿಡಿದಿದೆ ಎಂಬ ನಿರ್ಧಾರವಿದೆ. ಹಿರಿಯರಿಗೆ ನೀವು ಕೊಡಬಹುದಾದ ಉತ್ತರ ಇದೇ ಎಂದು ನನ್ನ ನಂಬಿಕೆ: ಇಂಥ ಕೆಲಸದಲ್ಲಿ ಶಿಲ್ಪಿಯ ಕೈ ಕಾಣಬೇಕಾದದ್ದು ಕಲ್ಲಿನ ಮೇಲಲ್ಲ, ಕಲ್ಲೂ ಕಬ್ಬಿಣವೂ ಸೇರುವ ಜಾಗದಲ್ಲಿ. ಆ ಜಾಗವನ್ನು ಯೋಚಿಸದೆ ಬಿಟ್ಟರೆ ಉಳಿಯುವುದು ಕಬ್ಬಿಣದ ಮೇಲಿಟ್ಟ ಒಂದು ಕಲ್ಲು ಮಾತ್ರ, ಆಗ ಹಿರಿಯರು ಹೇಳುವುದೇ ಸರಿಯಾಗುತ್ತದೆ.

ಇನ್ನು ನಿಮ್ಮ ಬಂಡೆ. ಕೊಡಗಿನ ನೆಲದಡಿಯ ನೈಸ್ ಮತ್ತು ಚಾರ್ನೊಕೈಟ್ ಶಿಲೆಗಳು 300 ಕೋಟಿ ವರ್ಷಗಳಷ್ಟು ಹಳೆಯವು. ಮಳೆನೀರು ಬಿರುಕುಗಳಲ್ಲಿಳಿದು ಬಂಡೆಯ ಮೂಲೆಗಳನ್ನು ಮಣ್ಣಾಗಿಸುತ್ತ ಹೋದಂತೆ ಒಳಗಿನ ಗಟ್ಟಿ ತಿರುಳು ಉರುಟಾಗಿ ಮಣ್ಣಿನ ನಡುವೆ ಉಳಿಯುತ್ತದೆ. ನಿಮಗೆ ಸಿಕ್ಕಿರುವುದು ಬಹುಶಃ ಅಂಥದೇ ಕಲ್ಲು. ಅದರ ಮೇಲ್ಪದರ ಸಿಪ್ಪೆಯಂತೆ ಏಳುತ್ತಿದ್ದರೆ ಆ ಪದರ ಭಾರ ಹೊರುವುದಿಲ್ಲ, ಅದನ್ನು ನಂಬಿ ಕೂರಿಸಬೇಡಿ. ಸುತ್ತಿಗೆಯಿಂದ ಎಲ್ಲ ಕಡೆ ತಟ್ಟಿ ನೋಡಿ: ಗಂಟೆಯಂತೆ ನಾದ ಬಂದರೆ ಒಳಗೆ ಗಟ್ಟಿಯಿದೆ, ದಬ್ಬೆಂದು ಸತ್ತ ಸದ್ದು ಬಂದರೆ ಬಿರುಕಿದೆ. ನಮ್ಮ ಸ್ಥಪತಿಗಳು ಶಿಲೆಯನ್ನು ಪರೀಕ್ಷಿಸುತ್ತಿದ್ದುದೂ ನಾದದಿಂದಲೇ.

ಪಲ್ಪರ್, ಡ್ರಮ್ಮು, ಐ-ಬೀಮು ಎಲ್ಲವನ್ನೂ ಒಂದೇ ಕೃತಿಯಲ್ಲಿ ತುಂಬುವ ಆಸೆಯನ್ನು ಬಿಡಿ ಎಂದು ಕೇಳಿಕೊಳ್ಳುತ್ತೇನೆ. ಬಂಡೆ ಮತ್ತು ಬೀಡಿನ ಚೌಕಟ್ಟು ಸಾಕು. ಡ್ರಮ್ಮಿನ ತಾಮ್ರದ ತಗಡು ಒದ್ದೆಯಾಗಿ ಕಬ್ಬಿಣಕ್ಕೆ ತಾಗಿದ್ದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಆದ್ದರಿಂದ ಅದನ್ನು ದೂರವಿಡುವುದಕ್ಕೆ ಅಂದದ ಕಾರಣದ ಜೊತೆಗೆ ಬಾಳಿಕೆಯ ಕಾರಣವೂ ಇದೆ. ಬೀಡಿಗೆ ಸಾಮಾನ್ಯ ವೆಲ್ಡಿಂಗ್ ಮಾಡಿಸಿದರೆ ಪಕ್ಕದಲ್ಲೇ ಸೀಳು ಬಿಡುವುದುಂಟು. ತೂತು ಕೊರೆದು ಬೋಲ್ಟ್ ಹಾಕಿಸಿ. ಕಬ್ಬಿಣವನ್ನು ಕಲ್ಲಿಗೆ ಪರಕೀಯವೆಂದು ತಿಳಿಯುವವರಿಗೆ ಒಂದು ಮಾತು: 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಾರ್ಖಾನೆಗೆ ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ. ಕಬ್ಬಿಣವೂ ಒಂದು ಕಾಲಕ್ಕೆ ಇದೇ ಪಶ್ಚಿಮ ಘಟ್ಟದ ಕಲ್ಲಾಗಿತ್ತು.

ಐನ್‌ಮನೆಯ ಅಂಗಳ ಇಡೀ ಒಕ್ಕಕ್ಕೆ, ಅಂದರೆ ಕುಲದ ಎಲ್ಲರಿಗೂ, ಸೇರಿದ್ದು. ಒಕ್ಕದ ಹಿರಿಯರಾದ ಪಟ್ಟೆದಾರರ ಒಪ್ಪಿಗೆ ಪಡೆದ ಮೇಲೆಯೇ ಜಾಗ ಗುರುತಿಸಿ.

ಪ್ರಶ್ನೆ: ನಾನು ಚಿತ್ರಕಲಾ ಶಿಕ್ಷಕಿ. ಮಕ್ಕಳೊಂದಿಗೆ ಸೇರಿ ಶಾಲೆಯ ಆವರಣದಲ್ಲಿ ಕಲ್ಲು ಮತ್ತು ಕಬ್ಬಿಣದ ಸರಳುಗಳ ಶಿಲ್ಪ ಮಾಡಿದೆವು. ಕಲ್ಲಿಗೆ ತೂತು ಕೊರೆದು, ಟಿಎಂಟಿ ಸರಳನ್ನು ಸಿಮೆಂಟಿನಿಂದ ಕೂರಿಸಿದ್ದೆವು. ಎರಡು ಮಳೆಗಾಲ ಕಳೆದ ಮೇಲೆ ಒಂದು ಕಲ್ಲು ತೂತಿನ ಉದ್ದಕ್ಕೂ ಸೀಳಿತು, ಉಳಿದವುಗಳ ಮೇಲೆ ಕಂದು ಕಲೆ ಇಳಿದಿದೆ. ಕಲ್ಲು ಕೆಟ್ಟದ್ದೇ, ಕೆಲಸ ಕೆಟ್ಟದ್ದೇ? (ಮಡಿಕೇರಿ)

ಉತ್ತರ: ಕಲ್ಲಿನದು ತಪ್ಪಿಲ್ಲ. ಕಬ್ಬಿಣ ತುಕ್ಕಾದಾಗ ಮೂಲ ಲೋಹಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ತೂತಿನೊಳಗೆ ಆ ಜಾಗವಿಲ್ಲದಿರುವುದರಿಂದ ಅದು ಕಲ್ಲನ್ನು ಒಳಗಿನಿಂದ ಒತ್ತುತ್ತದೆ. ಕಲ್ಲು ಎಷ್ಟೇ ಭಾರ ಹೊತ್ತರೂ ಒಳಗಿನಿಂದ ಎಳೆಯುವ ಬಲವನ್ನು ತಾಳಲಾರದು. ನಮ್ಮ ಕಲ್ಲುಕುಟಿಗರು ಸಾಲಾಗಿ ಬೆಣೆ ಹೊಡೆದು ಬಂಡೆ ಸೀಳುವುದು ಈ ಗುಣವನ್ನು ಬಳಸಿಕೊಂಡೇ. ನಿಮ್ಮ ಸರಳು ಗೊತ್ತಾಗದಂತೆ ಬೆಣೆಯ ಕೆಲಸವನ್ನೇ ಮಾಡಿದೆ.

ಇದು ಶಾಲೆಯ ಅಂಗಳದಲ್ಲಿ ಮಾತ್ರ ಆಗುವ ಅನಾಹುತವಲ್ಲ ಎಂಬುದಕ್ಕೆ ಗ್ರೀಸಿನ ಅಥೆನ್ಸಿನಲ್ಲಿರುವ ಅಕ್ರೊಪೊಲಿಸ್ ಗುಡ್ಡದ ದೇಗುಲಗಳೇ ಸಾಕ್ಷಿ. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕರು ಅಮೃತಶಿಲೆಯ ದಿಮ್ಮಿಗಳನ್ನು ಕಬ್ಬಿಣದ ಹಿಡಿಕೆಗಳಿಂದ ಜೋಡಿಸಿ, ಕಬ್ಬಿಣದ ಸುತ್ತ ಕರಗಿದ ಸೀಸವನ್ನು ಹೊಯ್ದರು. ಸೀಸ ನೀರನ್ನು ತಡೆಯಿತು. ಮೆತ್ತಗಿರುವುದರಿಂದ ಅಲುಗಾಟವನ್ನೂ ನುಂಗಿಕೊಂಡಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಿಕೊಲಾಸ್ ಬಲಾನೋಸ್ ಎಂಬ ಎಂಜಿನಿಯರ್ ನಡೆಸಿದ ಜೀರ್ಣೋದ್ಧಾರದಲ್ಲಿ ಸೀಸದ ರಕ್ಷಣೆಯಿಲ್ಲದ ಕಬ್ಬಿಣವನ್ನು ಹಾಕಿ ಸಿಮೆಂಟಿನಿಂದ ಮುಚ್ಚಲಾಯಿತು. ಕೆಲವೇ ದಶಕಗಳಲ್ಲಿ ಆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನು ಒಡೆಯತೊಡಗಿತು. 1975ರಲ್ಲಿ ಅಕ್ರೊಪೊಲಿಸ್ ಸಂರಕ್ಷಣೆಗೆ ಸಮಿತಿ ರಚನೆಯಾದ ಬಳಿಕ ಅದನ್ನೆಲ್ಲ ತೆಗೆದು ಟೈಟಾನಿಯಂ ಕೂರಿಸುವ ಕೆಲಸ ನಡೆಯಿತು. ಎರಡು ಸಾವಿರ ವರ್ಷ ಬಾಳಿದ ಹಿಡಿಕೆಗೂ ಬೇಗ ಸೋತ ಹಿಡಿಕೆಗೂ ಇದ್ದ ಮುಖ್ಯ ವ್ಯತ್ಯಾಸ ಆ ತೆಳುವಾದ ಸೀಸದ ಪದರ.

ನಮಗೆ ಟೈಟಾನಿಯಂ ಬೇಕಾಗಿಲ್ಲ. ಕಲ್ಲಿನೊಳಗೆ ಹೋಗುವ ಕಡ್ಡಿ ಮಾತ್ರ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ, ಹೊರಗಿನದು ಯಾವ ಕಬ್ಬಿಣವಾದರೂ ಆಗಬಹುದು. ಸಮುದ್ರದ ಉಪ್ಪುಗಾಳಿಯಿಂದ ದೂರವಿರುವ ಮಡಿಕೇರಿಗೆ 304 ದರ್ಜೆ ಸಾಕು, ಅದರಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇರುತ್ತದೆ. ಅಂಗಡಿಗಳಲ್ಲಿ ಮೆಟ್ಟಿಲ ಕಂಬಿಗೆಂದು ಮಾರುವ ಸರಕಿನಲ್ಲಿ ಹೆಚ್ಚಿನದು ನಿಕ್ಕಲ್ ಕಡಿಮೆಯಿರುವ 202 ದರ್ಜೆಯದು. ನೋಡಲು ಎರಡೂ ಒಂದೇ, ಆದರೆ ನಮ್ಮ ಮಳೆಯಲ್ಲಿ 202ರ ಮೇಲೆ ಬೇಗ ಕಂದು ಚುಕ್ಕೆ ಏಳುತ್ತದೆ. ಆಯಸ್ಕಾಂತ ಹಿಡಿದು ನೋಡುವುದರಿಂದ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ, ಆದ್ದರಿಂದ ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

16 ಮಿಲಿಮೀಟರಿನ, ಮರೆಯಿರುವ (ತಿರುಪಿನ ಗೆರೆಗಳಿರುವ) ಕಡ್ಡಿಗೆ 20 ಮಿಲಿಮೀಟರಿನ ತೂತು, ಕಲ್ಲಿನ ಅಂಚಿನಿಂದ ಕನಿಷ್ಠ ಅಂಗೈಯಗಲ ಒಳಗೆ, ಗೇಣುದ್ದ ಆಳಕ್ಕೆ ಇರಲಿ. ಕೊರೆದ ಮೇಲೆ ತೂತಿನ ಹುಡಿಯನ್ನು ಬ್ರಶ್ಶಿನಿಂದ ಕೆರೆದು, ಗಾಳಿ ಊದಿ, ಮತ್ತೊಮ್ಮೆ ಕೆರೆದು ಊದಬೇಕು. ಕಡ್ಡಿಯನ್ನು ಕೂರಿಸಲು ಎಷ್ಟೇ ಒಳ್ಳೆಯ ಎಪಾಕ್ಸಿ ಅಂಟು ತಂದರೂ ಅದು ಹುಡಿಗೆ ಅಂಟಿದರೆ ಕಲ್ಲಿಗೆ ಅಂಟಿದಂತಾಗುವುದಿಲ್ಲ, ಇಲ್ಲಿ ಅವಸರ ಮಾಡುವವರೇ ಹೆಚ್ಚು. ಎಪಾಕ್ಸಿ ಬಿಸಿಲಿಗೆ ಹಳದಿಯಾಗಿ ಪುಡಿಯೇಳುವುದರಿಂದ ಬಾಯಿಯ ಹತ್ತಿರ ಅರ್ಧ ಇಂಚು ಬಿಟ್ಟು ಆ ಜಾಗವನ್ನು ಸುಣ್ಣದ ಗಾರೆಯಿಂದ ಮುಚ್ಚಿ. ಕಲ್ಲು ಉಕ್ಕಿನ ಮೇಲೆ ಕೂರುವ ಕಡೆ ಸೀಸದ ತಗಡನ್ನೋ ರಬ್ಬರಿನ ಹಾಳೆಯನ್ನೋ ಇಟ್ಟರೆ ಭಾರ ಒಂದೇ ಮೊನೆಯ ಮೇಲೆ ನಿಲ್ಲುವುದಿಲ್ಲ. ಮಕ್ಕಳ ಕೈಗೆ ಸೀಸ ಕೊಡಬೇಡಿ. ಶಾಲೆಗೆ ರಬ್ಬರೇ ಸರಿ.

ಕಂದು ಕಲೆಗೆ ಆಕ್ಸಾಲಿಕ್ ಆಮ್ಲದ ತೆಳು ದ್ರಾವಣವನ್ನು, ಅದು ವಿಷಕಾರಿಯಾದ್ದರಿಂದ ದೊಡ್ಡವರೇ ಕೈಗವಸು ತೊಟ್ಟು, ಹಚ್ಚಿ ತೊಳೆಯಿರಿ. ಬಚ್ಚಲು ತೊಳೆಯುವ ಆಸಿಡ್ ಬೇಡ. ಕಲ್ಲಿನೊಳಗಿನ ಕಬ್ಬಿಣದಂಶವನ್ನೇ ಕರಗಿಸಿ ಅದು ಹೊಸ ಹಳದಿ ಕಲೆ ತರಬಲ್ಲದು. ಸೀಳಿದ ಕಲ್ಲನ್ನು ಎಸೆಯಬೇಡಿ. ಎರಡು ಹೋಳುಗಳನ್ನೂ ಸರಳಿನೊಂದಿಗೆ ತರಗತಿಯಲ್ಲಿಡಿ, ತುಕ್ಕು ಏನು ಮಾಡುತ್ತದೆಂದು ಕಲಿಸಲು ಅದಕ್ಕಿಂತ ಒಳ್ಳೆಯ ಪಾಠ ಸಿಗದು.

ಪ್ರಶ್ನೆ: ಬಣ್ಣ ಬಳಿಯಬೇಕಿಲ್ಲದ, ತುಕ್ಕೇ ರಕ್ಷಣೆಯಾಗುವ ಕಾರ್ಟೆನ್ ಉಕ್ಕನ್ನು ಕಲ್ಲಿನ ಜೊತೆ ಬಳಸಲು ಬೆಂಗಳೂರಿನ ವಾಸ್ತುಶಿಲ್ಪಿಯೊಬ್ಬರು ಸೂಚಿಸಿದ್ದಾರೆ. ನಮ್ಮ ಹೋಂಸ್ಟೇ ಇರುವುದು ಭಾಗಮಂಡಲದ ಹತ್ತಿರ. ಹಾಕಬಹುದೇ?

ಉತ್ತರ: ಭಾಗಮಂಡಲದಲ್ಲಿ ಬೇಡ. ಆ ಉಕ್ಕು ಚೆಲುವಾದದ್ದು ಎಂಬುದರಲ್ಲಿ ಎರಡು ಮಾತಿಲ್ಲ. ಷಿಕಾಗೊ ನಗರದ ಚೌಕದಲ್ಲಿ 1967ರಿಂದ ನಿಂತಿರುವ, ಸುಮಾರು 15 ಮೀಟರ್ ಎತ್ತರದ ಪಿಕಾಸೊ ಶಿಲ್ಪ ಅದರಿಂದಲೇ ಆದದ್ದು. ಅದರಲ್ಲಿ ಸೇರಿಸಿರುವ ತಾಮ್ರ, ಕ್ರೋಮಿಯಂ ಮುಂತಾದವುಗಳಿಂದಾಗಿ ಮೇಲ್ಮೈಯ ತುಕ್ಕು ದಟ್ಟ ಪದರವಾಗಿ ಬಿಗಿದುಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಆದರೆ ಆ ಪದರ ಬಿಗಿಯಬೇಕಾದರೆ ಉಕ್ಕು ನೆನೆಯಬೇಕು, ಮತ್ತೆ ಪೂರ್ತಿ ಒಣಗಬೇಕು, ಹೀಗೆ ಹಲವು ಬಾರಿ ಆಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಿಮ್ಮೂರಿನಲ್ಲಿ ಅದು ಒಣಗುವುದು ಯಾವಾಗ? ಸದಾ ಒದ್ದೆಯಾಗಿರುವ ಕಡೆ ಕಾರ್ಟೆನ್ ಕೂಡ ಸಾಮಾನ್ಯ ಉಕ್ಕಿನಂತೆಯೇ ಕರಗುತ್ತ ಹೋಗುತ್ತದೆ. ಮೇಲಾಗಿ ಮೊದಲ ವರ್ಷಗಳಲ್ಲಿ ಅದರಿಂದಿಳಿಯುವ ಕೆಂಪು ನೀರು ಕೆಳಗಿನ ಕಲ್ಲನ್ನು ಕೆಡಿಸುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಭಾಗಮಂಡಲದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಮಳೆ ಎಷ್ಟೋ ಕಡಿಮೆಯಿರುವ ಕುಶಾಲನಗರದ ಕಡೆಯವರು ಕೇಳಿದ್ದರೆ, ನೀರು ನಿಲ್ಲುವ ಸಂದುಗಳಿರದಂತೆ ಮಾಡಿ ಹಾಕಿ ಎನ್ನುತ್ತಿದ್ದೆ. ನೀವು ಬಿಸಿ ಸತುವಿನಲ್ಲಿ ಅದ್ದಿದ ಉಕ್ಕನ್ನು ಬಳಸಿ. ಅದರ ಬೂದುಬಣ್ಣ ನಮ್ಮ ಕಲ್ಲಿನ ಬಣ್ಣಕ್ಕೆ ಹತ್ತಿರವೇ ಇದೆ. ತೂತು ಕೊರೆಯುವುದು, ವೆಲ್ಡಿಂಗ್ ಎಲ್ಲವೂ ಅದ್ದುವ ಮೊದಲೇ ಮುಗಿದಿರಬೇಕು.

ಪ್ರಶ್ನೆ: ಹೊಳೆಯ ಕಲ್ಲು, ಕಾಡಿನ ಕಲ್ಲುಗಳನ್ನು ಲಾರಿಯಲ್ಲಿ ತಂದು ರೆಸಾರ್ಟುಗಳ ಮುಂದೆ ಕಬ್ಬಿಣಕ್ಕೆ ಸಿಕ್ಕಿಸಿ ನಿಲ್ಲಿಸುವುದನ್ನು ನೋಡಿ ಮನಸ್ಸಿಗೆ ನೋವಾಗುತ್ತದೆ. ಇದನ್ನು ಕಲೆಯೆಂದು ಪ್ರೋತ್ಸಾಹಿಸುವುದು ಸರಿಯೇ? (ನಿವೃತ್ತ ಉಪಾಧ್ಯಾಯರು, ವಿರಾಜಪೇಟೆ)

ಉತ್ತರ: ತಮ್ಮ ನೋವು ನನ್ನದೂ ಹೌದು. ಹೊಳೆಯಿಂದ ಕಲ್ಲು ಎತ್ತುವುದಕ್ಕೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು. ಅರಣ್ಯದ ಕಲ್ಲು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅರಣ್ಯ ಉತ್ಪನ್ನ, ಅದನ್ನು ಕೇಳದೆ ತರುವಂತಿಲ್ಲ. ದೇವರಕಾಡಿನ ಕಲ್ಲಿನ ಬಗ್ಗೆ ಕೊಡಗಿನವರಿಗೆ ನಾನು ಹೇಳಬೇಕಾದದ್ದೇನೂ ಇಲ್ಲ. ಹೊಳೆಯ ಕಲ್ಲುಗಳ ಸಂದು ಮೀನು, ಏಡಿಗಳ ಮನೆ ಎಂಬುದನ್ನು ಶಿಲ್ಪಿಗಳು ಮರೆಯಬಾರದು.

ಇನ್ನೊಂದು ಆತಂಕವನ್ನೂ ಸೇರಿಸುತ್ತೇನೆ. ತೋಟಗಳಲ್ಲಿ, ಗದ್ದೆಯಂಚಿನಲ್ಲಿ ಸಿಗುವ ಕಲ್ಲುಗಳಲ್ಲಿ ಕೆಲವು ಬರಿಯ ಕಲ್ಲುಗಳಲ್ಲ. ಕೊಲ್ಲೆಕಲ್ಲುಗಳು, ಅಂದರೆ ಈ ನೆಲದ ವೀರಗಲ್ಲುಗಳು, ಪಾಚಿ ಹಿಡಿದು ಮುಖವಡಿಯಾಗಿ ಬಿದ್ದಿದ್ದರೆ ಚಪ್ಪಡಿಯಂತೆಯೇ ಕಾಣುತ್ತವೆ. ಸೋಮವಾರಪೇಟೆ ಕಡೆಯ ದೊಡ್ಡಮಳ್ತೆಯಲ್ಲಿ ಇರುವಂಥ ಶಿಲಾಯುಗೋತ್ತರ ಕಲ್ಲುಗೋರಿಗಳ ಹಾಸುಗಲ್ಲುಗಳಿಗೂ ಇದೇ ಅಪಾಯ. ಯಂತ್ರ ಹಚ್ಚುವ ಮೊದಲು ಕಲ್ಲನ್ನು ಮಗುಚಿ, ತೊಳೆದು ನೋಡಬೇಕು. ಅಕ್ಷರವಾಗಲಿ, ಆಕೃತಿಯಾಗಲಿ, ಸಾಲಾಗಿ ನಿಲ್ಲಿಸಿದ ಗುರುತಾಗಲಿ ಕಂಡರೆ ಅಲ್ಲಿಗೇ ನಿಲ್ಲಿಸಿ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು.

ಆದರೆ ಕಲ್ಲಿಗೂ ಕಬ್ಬಿಣಕ್ಕೂ ಸಂಬಂಧ ಕಟ್ಟುವ ಕಲೆಯೇ ತಪ್ಪೆಂದು ನಾನು ಒಪ್ಪಲಾರೆ. ರಸ್ತೆ ಅಗಲಿಸುವಾಗ, ಅಡಿಪಾಯ ತೋಡುವಾಗ ಹೇಗೂ ಹೊರಬರುವ ಕಲ್ಲುಗಳಿವೆ. 2018ರ ಆಗಸ್ಟ್‌ನಲ್ಲಿ ಬೆಟ್ಟಗಳೇ ಕುಸಿದಾಗ ಕೆಳಗೆ ಬಂದ ಬಂಡೆಗಳು ಎಷ್ಟಿರಲಿಲ್ಲ! ಅಂಥ ಕಲ್ಲನ್ನು ಒಡೆದು ಜಲ್ಲಿ ಮಾಡುವ ಬದಲು, ಅದು ಬಂದ ಊರಿನಲ್ಲಿಯೇ, ಅಲ್ಲಿಯವರ ಒಪ್ಪಿಗೆಯಿಂದ ನಿಲ್ಲಿಸಿದರೆ ಅದು ಆ ಊರಿನ ನೆನಪಾಗಬಲ್ಲದು. ಕಲ್ಲು ಯಾವ ಜಾಗದಿಂದ ಬಂತೆಂದು ಕೃತಿಯ ಪಕ್ಕದಲ್ಲಿ ಬರೆದು ಹಾಕುವ ರೂಢಿ ಬರಬೇಕು. ಮೂಲ ಹೇಳಲು ಹಿಂಜರಿಯುವ ಕಲ್ಲನ್ನು ಶಿಲ್ಪಿ ಬಳಸದಿರಲಿ.

ಪ್ರಶ್ನೆ: ನನ್ನದು ಕುಶಾಲನಗರದಲ್ಲಿ ವೆಲ್ಡಿಂಗ್ ವರ್ಕ್‌ಶಾಪು. ಗಿರಾಕಿಯೊಬ್ಬರು ಹೋಟೆಲಿನ ಬಾಗಿಲ ಮೇಲೆ ಎರಡು ಅಡಿ ಅಡ್ಡಗಲದ ಕಲ್ಲೊಂದನ್ನು ಉಕ್ಕಿನ ತೋಳಿನಿಂದ ನೇತುಹಾಕಿ ಎನ್ನುತ್ತಿದ್ದಾರೆ. ಎಷ್ಟು ದಪ್ಪದ ಕಂಬ ಬೇಕು?

ಉತ್ತರ: ಕಂಬದ ಲೆಕ್ಕಕ್ಕೆ ಮುಂಚೆ ಕಲ್ಲಿನ ತೂಕ ನೋಡಿ. ನಮ್ಮ ಗಟ್ಟಿ ಕಲ್ಲು ಒಂದು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. ಆ ಲೆಕ್ಕದಲ್ಲಿ 60 ಸೆಂಟಿಮೀಟರ್ ಅಡ್ಡಗಲದ ಉರುಟು ಕಲ್ಲು ಸುಮಾರು 300 ಕಿಲೊ, ಒಂದು ಮೀಟರಿನದು ಸುಮಾರು 1400 ಕಿಲೊ. ಅಡ್ಡಗಲ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ. ಗಿರಾಕಿಗಳು ಕಣ್ಣಳತೆಯಲ್ಲಿ ಹೇಳುವ ತೂಕ ಯಾವಾಗಲೂ ಕಡಿಮೆಯೇ ಇರುತ್ತದೆ.

ಜನ ಓಡಾಡುವ ಬಾಗಿಲ ಮೇಲೆ ಕಲ್ಲು ನೇತುಹಾಕುವ ಕೆಲಸವನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಉಕ್ಕಿನ ಬಲವನ್ನು ಕೋಷ್ಟಕ ನೋಡಿ ಹೇಳಬಹುದು, ಆದರೆ ಕಲ್ಲಿನೊಳಗಿನ ಕೂದಲೆಳೆಯ ಬಿರುಕನ್ನು ಯಾವ ಕೋಷ್ಟಕವೂ ಹೇಳುವುದಿಲ್ಲ. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಮೈಕಲ್ ಹೈಜರ್ ಅವರು 2012ರಲ್ಲಿ ಸುಮಾರು 340 ಟನ್ನಿನ ಬಂಡೆಯ ಅಡಿಯಲ್ಲಿ ಜನ ನಡೆದುಹೋಗುವಂತೆ ಮಾಡಿದ್ದಾರೆ ನಿಜ, ಆದರೆ ಆ ಬಂಡೆ ನೇತಾಡುತ್ತಿಲ್ಲ. ಅಗೆದ ದಾರಿಯ ಎರಡೂ ಬದಿಯ ಕಾಂಕ್ರೀಟ್ ಗೋಡೆಗಳ ಮೇಲೆ, ಉಕ್ಕಿನ ಆಧಾರಗಳಲ್ಲಿ ಅದು ಕೂತಿದೆ. ತೇಲುತ್ತಿರುವಂತೆ ಕಾಣಿಸುವುದು ಬೇರೆ, ತೇಲಿಸುವುದು ಬೇರೆ. ಗಿರಾಕಿಗೆ ಅದೇ ದಾರಿಯನ್ನು ತೋರಿಸಿ: ಬಾಗಿಲ ಪಕ್ಕದ ಹೂತೋಟದಲ್ಲಿ, ಜನ ಅಡಿಗೆ ಹೋಗಲಾಗದ ಕಡೆ, ಹಿಂದಕ್ಕೆ ಸರಿಸಿದ ಸಣ್ಣ ಕಾಲಿನ ಮೇಲೆ ಕಲ್ಲನ್ನು ಕೂರಿಸಿದರೆ ನೆರಳಿನಲ್ಲಿ ಕಾಲು ಮರೆಯಾಗಿ ಕಲ್ಲು ನೆಲ ಬಿಟ್ಟೆದ್ದಂತೆ ಕಾಣುತ್ತದೆ. ಅದಕ್ಕೂ ಅಡಿಪಾಯದ ಲೆಕ್ಕವನ್ನು ಸಿವಿಲ್ ಎಂಜಿನಿಯರ್ ಅವರಿಂದ ಮಾಡಿಸಿ. ಕೂರಿಸುವಾಗ ಕಲ್ಲನ್ನೆತ್ತುವ ಬೆಲ್ಟಿನ ತಾಳಿಕೆ ಕಲ್ಲಿನ ತೂಕದ ಐದು ಪಟ್ಟಿಗಿಂತ ಕಡಿಮೆಯಿರದಿರಲಿ. ಇಳಿಜಾರಿನ ಜಾಗವಾದರೆ ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಿನಿಂದ ಚೆನ್ನಾಗಿ ಒಳಗಿರಲಿ, ಮಳೆಗಾಲದಲ್ಲಿ ಬರೆ ಕುಸಿಯಲು ಮೇಲಿನ ಭಾರವೂ ಒಂದು ಕಾರಣವಾಗುತ್ತದೆ.

ಪ್ರಶ್ನೆ: ಕಲ್ಲಿನ ಮೇಲೆ ಬೆಳೆಯುವ ಪಾಚಿಯನ್ನು ಪ್ರತಿ ವರ್ಷ ಉಜ್ಜಿ ತೆಗೆಯಬೇಕೇ? (ಸೋಮವಾರಪೇಟೆ)

ಉತ್ತರ: ಕೆತ್ತದ ಗಟ್ಟಿ ಕಲ್ಲಾದರೆ ತೆಗೆಯಬೇಕಾಗಿಲ್ಲ. ತಂತಿಯ ಬ್ರಶ್ಶು ಪಾಚಿಗಿಂತ ಹೆಚ್ಚು ಹಾನಿ ಮಾಡುತ್ತದೆ, ಅದರ ಕಬ್ಬಿಣದ ಕಣಗಳು ಕಲ್ಲಿನಲ್ಲಿ ಉಳಿದು ತುಕ್ಕಿನ ಚುಕ್ಕೆಗಳಾಗುತ್ತವೆ. ಕಲ್ಲು ಉಕ್ಕಿಗೆ ತಾಗುವ ಸಂದಿನಲ್ಲಿ ಬೆಳೆದ ಪಾಚಿಯನ್ನು ಮಾತ್ರ, ಅದು ನೀರು ಹಿಡಿದಿಡುವುದರಿಂದ, ಮಳೆಗಾಲಕ್ಕೆ ಮೊದಲು ಮತ್ತು ಮುಗಿದ ಮೇಲೆ ಬಿದಿರಿನ ಸಿಗುರಿನಿಂದ ಬಿಡಿಸಿ ತೆಗೆಯಿರಿ. ಜಂಬಿಟ್ಟಿಗೆ ಕಲ್ಲಾದರೆ ಬೇರೆ ಮಾತು: ಅದು ತೂತುತೂತಾಗಿದ್ದು ನೀರು ಹೀರುತ್ತದೆ, ಒಳಗೆ ಕಡ್ಡಿ ಕೂರಿಸಿದರೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಅದನ್ನು ಉಕ್ಕಿನ ತಟ್ಟೆಯ ಮೇಲೆ ಬರಿದೇ ಇಟ್ಟು, ನೀರು ಇಳಿದುಹೋಗಲು ತಟ್ಟೆಗೆ ತೂತು ಬಿಡಿ.